ಅಮರೋನೆ ವೈನಿಗೆ ದ್ರಾಕ್ಷಿ ನೂರು ದಿನ ಒಣಗಿಸೋದು ಯಾಕೆ? (ವಾಲ್ಪೊಲಿಚೆಲ್ಲಾ, ಇಟಲಿ)

ಡೋಣಿ_ದಂಡೆ

ಇಟಲಿಯ ವೆರೋನಾ ಊರಿನ ಉತ್ತರಕ್ಕ ವಾಲ್ಪೊಲಿಚೆಲ್ಲಾ ಅಂತ ಗುಡ್ಡದ ಸೀಮೆ ಐತಲ್ರಿ, ಅಲ್ಲಿ ದ್ರಾಕ್ಷಿ ಒಣಗಿಸಿ ಅಮರೋನೆ ಅನ್ನೋ ವೈನ್ ಮಾಡ್ತಾರ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ರಿ. ನಮ್ಮ ವಿಜಯಪುರ, ತಿಕೋಟಾ ಕಡೆ ಥಾಮ್ಸನ್ ತಳಿ ದ್ರಾಕ್ಷಿ ಗೊನಿ ಕೊಯ್ದು, ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿ.ಲೀ. ಡಿಪಿಂಗ್ ಆಯಿಲ್ ಕಲಿಸಿ ಅದ್ದಿ, ಶೆಡ್ಡಿನ ಜಾಳಗಿ ಮ್ಯಾಲೆ ಹರವಿದ್ರ 15 ದಿನದಾಗ ಒಣದ್ರಾಕ್ಷಿ ತಯಾರ. ನಾಕು ಕಿಲೋಕ್ಕ ಒಂದು ಕಿಲೋ ಬರತೈತಿ. ಅವರು ಮೂರನೇ ಒಂದು ಪಾಲು ತೂಕ ಇಳಸಾಕ ನೂರು ದಿನ ಕಾಯ್ತಾರಂತ. ಬರೇ ಹವಾ ತಂಪು ಐತಿ ಅನ್ನೋ ಕಾರಣಕ್ಕೋ, ಇಲ್ಲಾ ಬ್ಯಾರೆ ಏನರ ಲೆಕ್ಕ ಐತೋ?

ಅದಿಜೆ_ತೀರ

ತಂಪು ಒಂದು ಕಾರಣ, ಆದರೆ ಮುಖ್ಯ ಕಾರಣ ಅದಲ್ಲ. ಬಿಸಿಗಾಳಿ ಬಿಟ್ಟು ಹತ್ತು ದಿನಕ್ಕೆ ಅಷ್ಟೇ ತೂಕ ಇಳಿಸುವುದು ಅವರಿಗೂ ಕಷ್ಟವಲ್ಲ. ಅಲ್ಲಿನ ನಿಯಮಾವಳಿಯೇ ಅದನ್ನು ತಡೆಯುತ್ತದೆ: ಗಾಳಿ ಆಡಿಸಲು ಫ್ಯಾನ್ ಇಡಬಹುದು, ತೇವ ತೆಗೆಯುವ ಯಂತ್ರ ಇಡಬಹುದು, ಆದರೆ ಶಾಖ ಕೊಟ್ಟು ತೇವ ತೆಗೆಯುವಂತಿಲ್ಲ. ಕೋಣೆಯ ಉಷ್ಣಾಂಶ ಹಳೆಯ ಪದ್ಧತಿಯಲ್ಲಿ ಇರುತ್ತಿದ್ದ ಮಟ್ಟದಲ್ಲೇ ಇರಬೇಕು.

ನಿಮ್ಮ ಡಿಪಿಂಗ್ ಆಯಿಲ್ ಮಾಡುವುದೇನು? ಕಾಯಿಯ ಮೇಲಿನ ಮೇಣದ ಪದರವನ್ನು ಸಡಿಲಿಸಿ ನೀರು ಹೊರಹೋಗಲು ದಾರಿ ಮಾಡುತ್ತದೆ. ಅದರ ಮೇಲೆ ವಿಜಯಪುರದ ಮಾರ್ಚ್ ಬಿಸಿಲು, ಒಣಗಾಳಿ. ಕಾಯಿಯ ಜೀವಕೋಶ ಬೇಗ ಸಾಯುತ್ತದೆ. ಸಕ್ಕರೆ ಉಳಿಯುತ್ತದೆ, ನೀರು ಹೋಗುತ್ತದೆ. ಒಣದ್ರಾಕ್ಷಿಗೆ ಬೇಕಾದದ್ದೂ ಅಷ್ಟೆ.

ಅಮರೋನೆಗೆ ಕೊಯ್ದ ಗೊನೆ ತಿಂಗಳುಗಟ್ಟಲೆ ಜೀವಂತವಾಗಿಯೇ ಇರುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ಮ್ಯಾಲಿಕ್ ಆಮ್ಲ ಸುಟ್ಟು ಕಡಿಮೆಯಾಗುತ್ತದೆ, ಸಕ್ಕರೆಯೂ ಒಂದಿಷ್ಟು ಖರ್ಚಾಗುತ್ತದೆ. ನೀರಿನ ಕೊರತೆಗೆ ಕಾಯಿ ಪ್ರತಿಕ್ರಿಯೆ ತೋರಿಸಿ, ರೆಸ್ವೆರಟ್ರಾಲ್ ಇರುವ ಗುಂಪಿನ ಸಂಯುಕ್ತಗಳನ್ನು ಸಿಪ್ಪೆಯಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಪರಿಮಳದ ಅಂಶಗಳೂ ಬದಲಾಗುತ್ತವೆ. ವೇಗವಾಗಿ ಒಣಗಿಸಿದರೆ ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಅಷ್ಟೇ ಬರುತ್ತದೆ, ಇವು ಬರುವುದಿಲ್ಲ. ಜಾಮಿನ ವಾಸನೆಯ ದಪ್ಪ ವೈನ್ ಆಗುತ್ತದೆ. ಇಲ್ಲಿ ಒಣಗಿಸುವುದೆಂದರೆ ನೀರು ತೆಗೆಯುವುದಷ್ಟೇ ಅಲ್ಲ, ವೈನಿನ ಅರ್ಧ ಕೆಲಸ ಒಣಗಿಸುವ ಅಟ್ಟದ ಮೇಲೇ ಮುಗಿದಿರುತ್ತದೆ.

ಲೆಕ್ಕ ಹೀಗೆ: ಸೆಪ್ಟೆಂಬರ್ ಕೊನೆಗೆ ಸುಮಾರು 18–19 ಬ್ರಿಕ್ಸ್‌ನಲ್ಲಿ ಕೊಯ್ಲು. ಒಣಗಿಸುವ ಕೋಣೆಗೆ ಅಲ್ಲಿ ಫ್ರುತ್ತಾಯೊ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ಒಳಗೆ 15–18 ಡಿಗ್ರಿ, ಜನವರಿ ಹೊತ್ತಿಗೆ 5ರ ಆಸುಪಾಸು. ತೇವಾಂಶ ಶೇ 60–75ರೊಳಗೆ ಹಿಡಿಯಲು ನೋಡುತ್ತಾರೆ. 100ರಿಂದ 120 ದಿನದಲ್ಲಿ ಶೇ 30–40 ತೂಕ ಇಳಿದು ರಸ 27–28 ಬ್ರಿಕ್ಸ್‌ಗೆ ಬರುತ್ತದೆ. ನಿಯಮದ ಪ್ರಕಾರ ಡಿಸೆಂಬರ್ 1ಕ್ಕೆ ಮೊದಲು ಹಿಂಡುವಂತಿಲ್ಲ. ಹವಾಮಾನ ವಿಪರೀತವಾದ ವರ್ಷ ವಿನಾಯಿತಿ ಸಿಗುತ್ತದೆ.

ಕಹಿಸಿಹಿ

ಒಂದು ಸೇರ್ಪಡೆ. ಇದು ನಿನ್ನೆ ಮೊನ್ನೆಯ ಪದ್ಧತಿಯಲ್ಲ. 6ನೇ ಶತಮಾನದಲ್ಲಿ ಇಟಲಿ ಆಳಿದ ಗಾಥ್ ರಾಜರ ಆಸ್ಥಾನದ ಕಾಸಿಯೊಡೋರಸ್ ಬರೆದ ಪತ್ರವೊಂದರಲ್ಲಿ ವೆರೋನಾ ಕಡೆಯ 'ಅಸಿನಾಟಿಕಂ' ಬೇಕೆಂಬ ಬೇಡಿಕೆ ಇದೆ. ಗೊನೆಗಳನ್ನು ಚಳಿಗಾಲದವರೆಗೆ ಇಟ್ಟು ಹಿಂಡುವ ವಿವರವೂ ಇದೆ. ಅದು ಸಿಹಿ ವೈನ್. ಇಂದಿನ ರೆಚೋತೊ ಅದರ ವಂಶ. ಸಿಹಿ ಪೂರ್ತಿ ಹುದುಗಿ ಹೋದ ರೆಚೋತೊವೇ ಅಮರೋನೆ, ಇದು ಪ್ರತ್ಯೇಕ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು 20ನೇ ಶತಮಾನದಲ್ಲಿ. ವಾಲ್ಪೊಲಿಚೆಲ್ಲಾಗೆ ಡಿಒಸಿ (ವೈನಿನ ಮೂಲಸ್ಥಾನ ಖಾತ್ರಿಯ ಇಟಲಿ ದರ್ಜೆ) ಮಾನ್ಯತೆ ಸಿಕ್ಕಿದ್ದು 1968ರಲ್ಲಿ. ಅಮರೋನೆ, ರೆಚೋತೊ ಎರಡಕ್ಕೂ ಅತ್ಯುನ್ನತ ದರ್ಜೆಯಾದ ಡಿಒಸಿಜಿ 2010ರಲ್ಲಿ.

ತಳಿಗಳ ವಿಷಯ. ಮುಖ್ಯವಾದದ್ದು ಕೊರ್ವಿನಾ, ಮಿಶ್ರಣದಲ್ಲಿ ಶೇ 45–95. ಸಿಪ್ಪೆ ದಪ್ಪ, ಹುಳಿ ಚೆನ್ನಾಗಿ ಉಳಿಯುತ್ತದೆ, ಬಣ್ಣ ಮತ್ತು ಒಗರು ಸಾಧಾರಣ. ಕೊರ್ವಿನೋನೆಯ ಕಾಯಿ ದೊಡ್ಡದು, ಹಣ್ಣಾಗುವುದು ತಡ. ಅದನ್ನು ಕೊರ್ವಿನಾದ್ದೇ ಒಂದು ರೂಪ ಅಂದುಕೊಂಡಿದ್ದರು. ಬೇರೆ ತಳಿ ಅಂತ ದಾಖಲಾಗಿದ್ದು 1993ರಲ್ಲಿ. ಗೊನೆಯ ಎಲ್ಲ ಕಾಯಿ ಒಟ್ಟಿಗೆ ಹಣ್ಣಾಗದ್ದೇ ಅದರ ತೊಂದರೆ. ರೊಂದಿನೆಲ್ಲಾ ಶೇ 5–30: ರೋಗ ತಡೆಯುತ್ತದೆ, ಫಸಲು ಕೈಕೊಡುವುದಿಲ್ಲ, ಒಣಗಲು ತಕರಾರಿಲ್ಲ, ಆದರೆ ಪರಿಮಳದಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ತಿಳಿ ಬಣ್ಣದ ಮೊಲಿನಾರಾ 2003ರ ತನಕ ಕಡ್ಡಾಯವಿತ್ತು, ಈಗಿಲ್ಲ. ಸಣ್ಣ ಕಾಯಿಯ ಒಸೆಲೆತಾವನ್ನು ಬಣ್ಣ, ಒಗರಿಗೆಂದು ಕೆಲವರು ಸ್ವಲ್ಪ ಸೇರಿಸುತ್ತಾರೆ.

ಡೋಣಿ_ದಂಡೆ

ತಿಳೀತ್ರಿ. ಆದ್ರ ನೂರು ದಿನ ಹಸಿ ಗೊನಿ ಇಟ್ರ ಬೂಸ್ಟು ಹಿಡಿಯೂದಿಲ್ಲೇನ್ರಿ? ನಮ್ಮಲ್ಲಿ ಒಣಗಾಕ ಹಾಕಿದಾಗ ಎರಡು ದಿನ ಮೋಡ ಕವಿದ್ರ ಸಾಕು, ಬಣ್ಣ ಕೆಟ್ಟು ಕರ್ರಗಾಗತೈತಿ.

ಅದಿಜೆ_ತೀರ

ಹಿಡಿಯುತ್ತದೆ. ಅಲ್ಲಿನ ದೊಡ್ಡ ನಷ್ಟವೇ ಅದು. ಕಾಪಾಡಿಕೊಳ್ಳುವ ಕೆಲಸ ತೋಟದಲ್ಲೇ ಶುರು.

ಮೊದಲ ಕೊಯ್ಲು ಬರೀ ಒಣಗಿಸುವ ಗೊನೆಗೆ. ಕೈಯಿಂದಲೇ. ಕಾಯಿ ಕಾಯಿಗೆ ಒತ್ತದ ಬಿಡಿ ಗೊನೆಯನ್ನಷ್ಟೇ ಆರಿಸುತ್ತಾರೆ, ಏಕೆಂದರೆ ಒತ್ತಾದ ಗೊನೆಯ ನಡುವೆ ಗಾಳಿ ಆಡುವುದಿಲ್ಲ. ಇಬ್ಬನಿ ಆರುವ ಮುನ್ನ ಕೊಯ್ಯುವುದಿಲ್ಲ. ಮಳೆ ಬಿದ್ದರೆ ಒಂದೆರಡು ದಿನ ಕಾಯುತ್ತಾರೆ. ಒಡೆದ ಒಂದು ಕಾಯಿ ಕಂಡರೂ ಅಲ್ಲೇ ಕತ್ತರಿಸಿ ತೆಗೆಯಬೇಕು. ಮತ್ತೊಂದು ಕಟ್ಟು: ಹೆಕ್ಟೇರಿಗೆ ಹೆಚ್ಚೆಂದರೆ 12 ಟನ್ ಫಸಲು, ಅದರಲ್ಲಿ ಶೇ 65ಕ್ಕಿಂತ ಹೆಚ್ಚು ಒಣಗಿಸಲು ಇಡುವಂತಿಲ್ಲ. ಮಾರುಕಟ್ಟೆ ನೋಡಿ ಈ ಪ್ರಮಾಣವನ್ನು ಇನ್ನೂ ಇಳಿಸುವ ವರ್ಷಗಳುಂಟು.

ಗೊನೆಗಳನ್ನು ಒಂದೇ ಪದರದಲ್ಲಿ ಕ್ರೇಟಿಗೆ ಜೋಡಿಸುತ್ತಾರೆ, ಒಂದಕ್ಕೆ 5–6 ಕಿಲೋ. ಮೇಲೆ ಇನ್ನೊಂದು ಗೊನೆ ಕೂತರೆ ಕೆಳಗಿನದು ಜಜ್ಜಿ ರಸ ಬಿಡುತ್ತದೆ, ಕೊಳೆ ಅಲ್ಲಿಂದಲೇ. ಹಿಂದೆ ಕ್ರೇಟಿನ ಬದಲು ಜೊಂಡು, ಬಿದಿರಿನ ಹಂದರ ಇತ್ತು, ಹೆಸರು ಆರೆಲೆ. ರಾಮನಗರ, ಶಿಡ್ಲಘಟ್ಟದವರಿಗೆ ಇದು ಹೊಸದೆನಿಸದು: ಅದೇ ಆರೆಲೆಯ ಮೇಲೆ ಬೇಸಿಗೆ ಕಾಲಕ್ಕೆ ರೇಷ್ಮೆಹುಳು ಸಾಕಿ, ಹುಳುವಿನ ಕೆಲಸ ಮುಗಿದ ಮೇಲೆ ಶರತ್ಕಾಲಕ್ಕೆ ದ್ರಾಕ್ಷಿ ಹರವುತ್ತಿದ್ದರು. ಆ ಸೀಮೆಯಲ್ಲೂ ಹಿಪ್ಪುನೇರಳೆ ಮರ ಇತ್ತು.

ಅಟ್ಟ ಎಲ್ಲಿದೆ ಅನ್ನುವುದು ಮುಖ್ಯ. ನವೆಂಬರ್‌ನಲ್ಲಿ ಕಣಿವೆಯ ತಳದಲ್ಲಿ ಮಂಜು ಕೂರುತ್ತದೆ. ಗುಡ್ಡದ ಮೇಲೆ ಗಾಳಿ ಬೀಸುತ್ತಿರುತ್ತದೆ. ಒಳ್ಳೆಯ ಫ್ರುತ್ತಾಯೊಗಳೆಲ್ಲ ಎತ್ತರದಲ್ಲಿರುವುದು ಅದಕ್ಕೇ. ಒಣಗಾಳಿ ಬೀಸುವಾಗ ಕಿಟಕಿ ತೆರೆ, ಮಂಜು ಬಂದರೆ ಮುಚ್ಚು, ಫ್ಯಾನ್ ಹಾಕು. ತೇವಾಂಶ ಶೇ 80–85 ದಾಟಿ ಕೆಲವು ದಿನ ನಿಂತರೆ ಬೊಟ್ರೈಟಿಸ್ ಬೂಸ್ಟು ಏಳುತ್ತದೆ. ಅದರ ಲ್ಯಾಕೇಸ್ ಕಿಣ್ವ ಬಣ್ಣವನ್ನು ಕಂದು ಮಾಡುತ್ತದೆ, ವೈನ್ ಬೇಗ ಮುದಿಯಾಗುತ್ತದೆ. ರಸದಲ್ಲಿ ಗ್ಲುಕೋನಿಕ್ ಆಮ್ಲ ಅಳೆದರೆ ಬೂಸ್ಟು ಎಷ್ಟಿತ್ತು ಅಂತ ತಿಳಿಯುತ್ತದೆ. ಸಿಹಿ ರೆಚೋತೊದಲ್ಲಿ ಒಂದಿಷ್ಟು ಬೊಟ್ರೈಟಿಸ್ ಇದ್ದರೆ ಹಳಬರು ಗೊಣಗುತ್ತಿರಲಿಲ್ಲ. ಅಮರೋನೆಯಲ್ಲಿ ಇಂದು ಬಹುತೇಕ ಯಾರಿಗೂ ಬೇಡ. ಬೊಟ್ರೈಟಿಸ್ ಅಲ್ಲದೆ ಹಸಿರು ಪೆನಿಸಿಲಿಯಂ ಬಂದರೆ ಆ ಗೊನೆ ನೇರ ತಿಪ್ಪೆಗೆ. ಮಣ್ಣಿನ ಮುಗ್ಗು ವಾಸನೆ ವೈನಿನ ತನಕ ಬರುತ್ತದೆ.

ಚಪ್ಪರದಡಿ

ಗೊನೆ ಬಿಡಿಯಾಗಿರಬೇಕು ಅಂತ ಅದಿಜೆಯವರು ಹೇಳಿದ್ದು ಸರಿ, ಆದರೆ ಅದರ ಹಿಂದೆ ಬಳ್ಳಿ ಕಟ್ಟುವ ಕ್ರಮವಿದೆ. ಅಲ್ಲಿಯ ಹಳೇ ತೋಟಗಳೆಲ್ಲ ಪೆರ್ಗೊಲಾ ವೆರೊನೇಸೆ, ಅಂದರೆ ಓರೆ ಚಪ್ಪರ. ಕಾಂಡ ಆಳೆತ್ತರಕ್ಕೆ ಹೋಗಿ, ಅಲ್ಲಿಂದ ಒಂದೋ ಎರಡೋ ತೋಳು ಮೇಲ್ಮುಖವಾಗಿ ಓರೆಯಾಗಿ ಚಾಚುತ್ತದೆ. ಗೊನೆ ಎಲೆಯ ನೆರಳಲ್ಲಿ, ಒಂದಕ್ಕೊಂದು ತಾಗದೆ ತೂಗುತ್ತದೆ.

ಇದನ್ನು ಹಳೇ ರೂಢಿ ಅಂತ ತಳ್ಳಿಹಾಕುವವರಿದ್ದಾರೆ. ಆದರೆ ಕೊರ್ವಿನಾ ಕಡ್ಡಿಯ ಬುಡದ ಮೊದಲ ಎರಡು ಮೂರು ಕಣ್ಣುಗಳು (ಮೊಗ್ಗುಗಳು) ಫಲ ಕೊಡುವುದು ತೀರ ಕಡಿಮೆ. ಎರಡು ಕಣ್ಣು ಬಿಟ್ಟು ಗಿಡ್ಡ ಸವರಿದರೆ ಎಲೆ ಬರುತ್ತದೆ, ಗೊನೆ ಇಲ್ಲ. ಹತ್ತು ಹನ್ನೆರಡು ಕಣ್ಣಿನ ಉದ್ದ ಕಡ್ಡಿ ಬಿಡಲೇಬೇಕು, ಅದಕ್ಕೆ ಜಾಗ ಕೊಡುವುದು ಚಪ್ಪರವೇ. ಡೋಣಿಯವರಿಗೆ ಇದು ಗೊತ್ತಿರುವ ವಿಷಯ, ಥಾಮ್ಸನ್ ಸೀಡ್‌ಲೆಸ್‌ದೂ ಇದೇ ಸ್ವಭಾವ. ನಿಮ್ಮಲ್ಲಿ ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವುದಕ್ಕೆ) ಮುಂಚೆ ಕಣ್ಣು ಪರೀಕ್ಷೆ ಮಾಡಿಸಿ ಎಷ್ಟನೇ ಕಣ್ಣಿಗೆ ಕತ್ತರಿಸಬೇಕು ಅಂತ ನೋಡುತ್ತೀರಲ್ಲ, ಅದೇ ತರ್ಕ. ವ್ಯತ್ಯಾಸ ಅಂದರೆ ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಮಲಗುತ್ತದೆ, ಸವರುವುದು ವರ್ಷಕ್ಕೆ ಒಂದೇ ಸಲ.

ಈಚಿನ ತೋಟಗಳಲ್ಲಿ ತಂತಿಗೆ ನೇರ ಕಟ್ಟುವ ಗುಯೋ ಪದ್ಧತಿ, ಹೆಕ್ಟೇರಿಗೆ 5,000 ಬಳ್ಳಿ ಆಸುಪಾಸು. ಟ್ರ್ಯಾಕ್ಟರ್ ಓಡಿಸಲು, ಔಷಧಿ ಹೊಡೆಯಲು ಸಲೀಸು, ಕೂಲಿ ಉಳಿತಾಯ. ಆದರೆ ಕೊರ್ವಿನಾ ಕಾಯಿಗೆ ಬಿಸಿಲು ಹೊಡೆತ ತಡೆಯುವ ಶಕ್ತಿ ಕಮ್ಮಿ. ಬೇಸಿಗೆ ಬಿಸಿಯಾಗುತ್ತಾ ಬಂದಂತೆ ನೈರುತ್ಯಕ್ಕೆ ಮುಖ ಮಾಡಿದ ಸಾಲಿನಲ್ಲಿ ಕಾಯಿ ಸುಟ್ಟು ಸುಕ್ಕುತ್ತದೆ, ಆ ಗೊನೆ ಒಣಗಿಸಲು ಬರುವುದಿಲ್ಲ. ಚಪ್ಪರವನ್ನು ಕಿತ್ತುಹಾಕಿದ್ದು ಅವಸರದ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಕೀಟಗಳಲ್ಲಿ ದ್ರಾಕ್ಷಿ ಪತಂಗದ ಮರಿಹುಳು ಕಾಯಿಗೆ ತೂತು ಮಾಡುತ್ತದೆ. ತೋಟದಲ್ಲಿ ಕಣ್ಣಿಗೆ ಬೀಳದ ಆ ತೂತು ಅಟ್ಟದಲ್ಲಿ ಬೂಸ್ಟಾಗಿ ಕಾಣುತ್ತದೆ. ಗಂಡು ಪತಂಗದ ದಾರಿ ತಪ್ಪಿಸುವ ಮೋಹಕ ಗಂಧದ ಎಳೆಗಳನ್ನು ಸಾಲಿಗೆ ಕಟ್ಟುತ್ತಾರೆ. ಆ ಸೀಮೆಯಲ್ಲಿ ಚೆರ್ರಿ ತೋಟ ಬಹಳ. ಚೆರ್ರಿಗೆ ಬರುವ ಚುಕ್ಕೆ ರೆಕ್ಕೆಯ ಹಣ್ಣುನೊಣ ಆಮೇಲೆ ದ್ರಾಕ್ಷಿಗೂ ಬಂದು ಹುಳಿಕೊಳೆ ತರುತ್ತದೆ. ಬೂಜುರೋಗಕ್ಕೆ ತಾಮ್ರ ಹೊಡೆಯಲು ಯುರೋಪಿನಲ್ಲಿ ಮಿತಿ ಇದೆ, 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ. ಬೋರ್ಡೋ ದ್ರಾವಣ ಕಣ್ಣುಮುಚ್ಚಿ ಸುರಿಯುವ ಹಾಗಿಲ್ಲ.

ಮುರಕಲ್ಲು

ನೆಲದ ವಿಷಯ ಯಾರೂ ಎತ್ತಲಿಲ್ಲ ಮಾರಾಯ್ರೆ. ಪಶ್ಚಿಮಕ್ಕೆ ಗಾರ್ದಾ ಸರೋವರ, ಉತ್ತರಕ್ಕೆ ಲೆಸ್ಸೀನಿ ಬೆಟ್ಟ, ದಕ್ಷಿಣಕ್ಕೆ ಅದಿಜೆ ನದಿ. ಹಗಲು ಸರೋವರದ ಕಡೆಯ ಹಿತವಾದ ಹವೆ, ರಾತ್ರಿ ಬೆಟ್ಟದಿಂದ ಇಳಿಯುವ ತಣ್ಣನೆ ಗಾಳಿ, ಕಾಯಿಯಲ್ಲಿ ಹುಳಿ ಉಳಿಯುವುದು ಇದರಿಂದ. ಮೂಲ ಸೀಮೆಗೆ 'ಕ್ಲಾಸಿಕೊ' ಎಂದು ಹೆಸರು. ಅದರಲ್ಲಿ ಐದು ಊರು: ಸಾಂತ್ ಆಂಬ್ರೊಜೊ, ಸಾನ್ ಪಿಯೆತ್ರೊ ಇನ್ ಕರಿಯಾನೊ, ಫುಮಾನೆ, ಮರಾನೊ, ನೆಗ್ರಾರ್. ಅದರ ಪೂರ್ವಕ್ಕೆ ವಾಲ್ಪಂತೇನಾ ಕಣಿವೆ, ಇನ್ನೂ ಪೂರ್ವಕ್ಕೆ ಇಲ್ಲಾಸಿ, ಮೆತ್ಸಾನೆ ಕಣಿವೆಗಳು.

ಬಹುಪಾಲು ಸುಣ್ಣಕಲ್ಲು. ಸಾಂತ್ ಆಂಬ್ರೊಜೊ ಕಡೆ ಕೆಂಪು ಅಮೃತಶಿಲೆಯ ಗಣಿಗಳೇ ಇವೆ. ಮರಾನೊ ಕಣಿವೆಯ ಕೆಲವು ಕಡೆ ಹಳೆ ಜ್ವಾಲಾಮುಖಿಯ ಕಪ್ಪು ಬಸಾಲ್ಟ್ ಮಣ್ಣು ಸಿಗುತ್ತದೆ. ಕಣಿವೆಯ ತಳದ ಮೆಕ್ಕಲು ಮಣ್ಣಿನಲ್ಲಿ ಬಳ್ಳಿ ಹುಲುಸಾಗಿ ಬೆಳೆದು ಕಾಯಿ ನೀರಾಗುತ್ತದೆ. ಅಮರೋನೆಗೆ ಬೆಲೆ ಏರಿದಾಗ ಅಂಥ ಬಯಲಿಗೂ ತೋಟ ಇಳಿದಿವೆ. ನಿಯಮ ಪ್ರಕಾರ ತಪ್ಪಲ್ಲ, ಆದರೆ ಗುಡ್ಡದ ಕಾಯಿಗೂ ಅದಕ್ಕೂ ಅಜಗಜಾಂತರ.

ಇಳಿಜಾರು ನಿಂತಿರುವುದು ಮರೋನ್ಯೆ ಎಂಬ ಕಲ್ಲಿನ ಕಟ್ಟಣೆಗಳ ಮೇಲೆ. ಸಿಮೆಂಟಿಲ್ಲ, ಗಾರೆಯಿಲ್ಲ, ಉಳುವಾಗ ಎದ್ದ ಕಲ್ಲುಗಳೇ. ದೊಡ್ಡ ಕಲ್ಲು ಬುಡಕ್ಕೆ, ಗೋಡೆ ಗುಡ್ಡದ ಕಡೆಗೆ ತುಸು ವಾಲಿಸಿ, ಅಲ್ಲಲ್ಲಿ ಉದ್ದನೆ ಕಲ್ಲನ್ನು ಅಡ್ಡಕ್ಕೆ ಒಳಗೆ ನುಗ್ಗಿಸಿ ಕಚ್ಚಿಸುವುದು, ಹಿಂದೆ ಜಲ್ಲಿ ತುಂಬುವುದು. ಮಳೆ ನೀರು ಗೋಡೆಯ ಸಂದಿನಿಂದಲೇ ಹೊರಬರಬೇಕು. ಜಲ್ಲಿಯಲ್ಲಿ ಮಣ್ಣು ತುಂಬಿ ಸಂದು ಕಟ್ಟಿದರೆ ನೀರು ಹಿಂದೆ ನಿಂತು ಗೋಡೆಗೆ ಹೊಟ್ಟೆ ಬರುತ್ತದೆ, ಮುಂದಿನ ದೊಡ್ಡ ಮಳೆಗೆ ಜರಿಯುತ್ತದೆ. ಜರಿದ ಕಡೆ ಸಿಮೆಂಟ್ ಮೆತ್ತಿದರೆ ನೀರಿಗೆ ದಾರಿಯಿಲ್ಲದೆ ಪಕ್ಕದ ಭಾಗ ಬೀಳುತ್ತದೆ. ಹಾಗಾಗಿ ಹೊಟ್ಟೆ ಬಂದಷ್ಟು ಭಾಗವನ್ನು ಬುಡದ ತನಕ ಬಿಚ್ಚಿ ಮತ್ತೆ ಕಟ್ಟುವುದೇ ಸರಿ. ಗಾರೆಯಿಲ್ಲದೆ ಕಲ್ಲು ಕಟ್ಟುವ ಈ ವಿದ್ಯೆ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಇಟಲಿ ಸೇರಿ ಎಂಟು ದೇಶಗಳ ಹೆಸರಿನಲ್ಲಿ.

ಪೀಪಾಯಿ

ಹುದುಗಿಸುವ ಹಂತಕ್ಕೆ ಬರೋಣ. ಅಟ್ಟದಲ್ಲಿ ಗೆದ್ದವರು ಎಷ್ಟೋ ಜನ ಇಲ್ಲಿ ಸೋಲುತ್ತಾರೆ.

ಜನವರಿಯಲ್ಲಿ ತೊಟ್ಟು ಬಿಡಿಸಿ ಹಿಂಡುವಾಗ ಕಾಯಿ 4–8 ಡಿಗ್ರಿ ತಣ್ಣಗಿರುತ್ತದೆ. ರಸದ ಸಾಂದ್ರತೆ 1.115ರ ಮೇಲೆ, ಸಕ್ಕರೆ ಲೀಟರಿಗೆ 280 ಗ್ರಾಂ ಆಸುಪಾಸು. ಚಳಿಗೆ ಹುದುಗು ಏಳುವುದಿಲ್ಲ, ಹಾಗಾಗಿ ಕೆಲವು ದಿನ ಸಿಪ್ಪೆ ರಸದಲ್ಲಿ ಸುಮ್ಮನೆ ನೆನೆಯುತ್ತದೆ. ಅದು ಒಳ್ಳೆಯದೇ, ಆದರೆ ವಾರ ದಾಟಿದರೆ ಕಾಡು ಯೀಸ್ಟು ಎದ್ದು ಉಗುರುಬಣ್ಣದ ವಾಸನೆ ಹತ್ತುತ್ತದೆ.

ಯೀಸ್ಟ್ ಹಾಕುವಾಗ ಒಣ ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಇಷ್ಟು ಸಿಹಿಯಲ್ಲಿ ಯೀಸ್ಟಿನ ಒಳಗಿನ ನೀರೇ ಹೊರಗೆ ಸೆಳೆದುಹೋಗುತ್ತದೆ. ಬದುಕಿದ್ದು ಒತ್ತಡಕ್ಕೆ ಅಸಿಟಿಕ್ ಆಮ್ಲ ಬಿಡುತ್ತದೆ. ಬೆಚ್ಚನೆ ನೀರಲ್ಲಿ ನೆನೆಸಿ, ಸ್ವಲ್ಪ ಸ್ವಲ್ಪವೇ ರಸ ಸೇರಿಸುತ್ತ, ಟ್ಯಾಂಕಿನ ಉಷ್ಣಾಂಶಕ್ಕೆ ಹತ್ತಿರ ತಂದು ಬಿಡಬೇಕು. ಆರಿಸುವ ತಳಿ ಚಳಿ, ಆಲ್ಕೋಹಾಲ್ ಎರಡನ್ನೂ ತಡೆಯುವಂಥದ್ದಿರಬೇಕು. ಸಾರಜನಕದ ಪೋಷಕ ಒಂದೇ ಸಲ ಬೇಡ. ಆರಂಭದಲ್ಲಿ ಒಂದಿಷ್ಟು, ಸಕ್ಕರೆ ಮೂರನೇ ಒಂದು ಭಾಗ ಇಳಿದಾಗ ಉಳಿದದ್ದು. ಅದಕ್ಕಿಂತ ತಡವಾಗಿ ಹಾಕಿದರೆ ಯೀಸ್ಟ್ ಬಳಸುವುದಿಲ್ಲ, ಆಮೇಲೆ ಬ್ಯಾಕ್ಟೀರಿಯಾ ಉಣ್ಣುತ್ತದೆ.

ಮೊದಲ ದಿನಗಳಲ್ಲಿ 12–15 ಡಿಗ್ರಿ, ನಿಧಾನಕ್ಕೆ 20–24ಕ್ಕೆ ಏರಿಸುವುದು. 30–40 ದಿನ ಹಿಡಿಯುತ್ತದೆ. ಅಪಾಯ ಕೊನೆಯಲ್ಲಿ. ಆಲ್ಕೋಹಾಲ್ ಶೇ 14 ದಾಟಿದ ಮೇಲೆ ಕೋಣೆ ತಣ್ಣಗಾದರೆ ಯೀಸ್ಟ್ ಮಲಗುತ್ತದೆ, 28 ದಾಟಿ ಕಾದರೆ ಸಾಯುತ್ತದೆ. ಯೀಸ್ಟ್ ಗ್ಲೂಕೋಸನ್ನು ಮೊದಲು ತಿನ್ನುವುದರಿಂದ ಉಳಿಯುವುದು ಫ್ರಕ್ಟೋಸ್, ಇದು ನಾಲಿಗೆಗೆ ಹೆಚ್ಚು ಸಿಹಿ. 12 ಗ್ರಾಂ ಉಳಿದರೆ 20 ಇದ್ದ ಹಾಗೆ ಕಾಣುತ್ತದೆ. ನಿಂತ ಟ್ಯಾಂಕಿಗೆ ಪುಡಿ ಎಸೆದು ಪ್ರಯೋಜನವಿಲ್ಲ. ಬೇರೆ ಸಣ್ಣ ಪಾತ್ರೆಯಲ್ಲಿ ಹುರುಪಾದ ಯೀಸ್ಟ್ ಎಬ್ಬಿಸಿ, ನಿಂತ ವೈನನ್ನು ಅದಕ್ಕೆ ಹಂತ ಹಂತವಾಗಿ ಕುಡಿಸಬೇಕು. ಟ್ಯಾಂಕಿಗೆ ಯೀಸ್ಟ್ ಹೋಗುವುದಲ್ಲ, ಯೀಸ್ಟಿನ ಕಡೆಗೆ ಟ್ಯಾಂಕು ಬರಬೇಕು.

ತಿಳಿರಸ

ಸರ್, 280 ಗ್ರಾಂ ಅಂದ್ರೆ ಆಲ್ಕೋಹಾಲ್ ಎಷ್ಟಾಗತ್ತೆ? ಬಾಟಲಿಗಳ ಮೇಲೆ 15, 16, ಕೆಲವದರಲ್ಲಿ 17 ಅಂತಲೂ ಇರತ್ತೆ.

ಪೀಪಾಯಿ

ಸುಮಾರು 17 ಗ್ರಾಂ ಸಕ್ಕರೆಗೆ ಶೇ 1. ಪೂರ್ತಿ ಹುದುಗಿದರೆ 280ಕ್ಕೆ 16.5. ಕೊನೆಗೆ 5–6 ಗ್ರಾಂ ಉಳಿಯುತ್ತದೆ ಅಂದುಕೊಂಡರೆ 16ರ ಮೇಲೆ ತುಸು. ಕಾನೂನಿನ ಕನಿಷ್ಠ ಮಿತಿ 14. ಈಗಿನ ತಲೆನೋವು ಬೇರೆ: ಬೇಸಿಗೆ ಬಿಸಿ ಹೆಚ್ಚಿ ಕಾಯಿ ತೋಟದಲ್ಲೇ 21–22 ಬ್ರಿಕ್ಸ್‌ಗೆ ಬಂದುಬಿಡುತ್ತದೆ. ಅದರ ಮೇಲೆ ಶೇ 35 ಇಳಿಸಿದರೆ ಯಾವ ಯೀಸ್ಟಿಗೂ ಮುಗಿಸಲಾಗದ ಪಾಕ. ಹಾಗಾಗಿ ಬುದ್ಧಿವಂತರು ಬೇಗ ಕೊಯ್ಯುತ್ತಾರೆ, ಇಲ್ಲವೇ ತೂಕ ಕಡಿಮೆ ಇಳಿಸುತ್ತಾರೆ.

ಕಹಿಸಿಹಿ

> ಇಲ್ಲವೇ ತೂಕ ಕಡಿಮೆ ಇಳಿಸುತ್ತಾರೆ

ಇಳಿಸಲಿ, ಆದರೆ ಕಡಿಮೆ ದಿನ ಅಟ್ಟದಲ್ಲಿಟ್ಟ ವೈನನ್ನು ಹಳೆಯ ಬೆಲೆಗೇ ಮಾರುವುದು ಸರಿಯೇ? ಅದಿಜೆಯವರು ಹೇಳಿದ ಬದಲಾವಣೆಗಳಿಗೆ ಸಮಯವೂ ಬೇಕಲ್ಲ.

ಅದಿಜೆ_ತೀರ

ದಿನ ಕಡಿಮೆ ಮಾಡಬೇಕಿಲ್ಲ. ಕೋಣೆ ಇನ್ನಷ್ಟು ತಂಪಾಗಿಟ್ಟು, ಗಾಳಿ ತಗ್ಗಿಸಿ, ಅಷ್ಟೇ ದಿನದಲ್ಲಿ ಶೇ 25–28 ಇಳಿಸಬಹುದು. ಬೂಸ್ಟಿನ ಭಯ ಹೆಚ್ಚು, ಕಾವಲು ಹೆಚ್ಚು, ಅಷ್ಟೆ. ಪೂರ್ತಿ ಕಿಟಕಿ ನಂಬಿದ ಅಟ್ಟದಲ್ಲಿ ಇದು ಆಗದ ಮಾತು. 'ಯಂತ್ರ ಇಟ್ಟರೆ ಸಂಪ್ರದಾಯ ಕೆಟ್ಟಿತು' ಅನ್ನುವವರ ಜೊತೆ ನನಗೆ ಸಹಮತವಿಲ್ಲ. ಇಲ್ಲಾಸಿ ಕಣಿವೆಯ ದಾಲ್ ಫೋರ್ನೊ ಗಣಕ ನಿಯಂತ್ರಿತ ಫ್ಯಾನುಗಳನ್ನಿಟ್ಟು ಹೆಸರು ಮಾಡಿದವರು, ನೆಗ್ರಾರ್‌ನ ಕ್ವಿಂತರೆಲ್ಲಿ ಹಳೇ ಅಟ್ಟ, ದೊಡ್ಡ ಪೀಪಾಯಿ ಬಿಡದೆ ಹೆಸರು ಮಾಡಿದವರು. ಎರಡೂ ದಾರಿಯಲ್ಲಿ ದೊಡ್ಡ ವೈನ್ ಬಂದಿದೆ.

ಪೀಪಾಯಿ

ಪೀಪಾಯಿ ಅಂದಿರಲ್ಲ, ಅದಕ್ಕೊಂದು ಮಾತು. ಸ್ಲವೋನಿಯಾದ ಓಕ್ ಮರದ 20–100 ಹೆಕ್ಟೋಲೀಟರ್ ದೊಡ್ಡ ಪೀಪಾಯಿ ಹಳೇ ಕ್ರಮ, ಮರದ ವಾಸನೆ ಹೆಚ್ಚು ಬಿಡುವುದಿಲ್ಲ. 225 ಲೀಟರಿನ ಹೊಸ ಫ್ರೆಂಚ್ ಬ್ಯಾರಿಕ್ (ಸಣ್ಣ ಓಕ್ ಪೀಪಾಯಿ) ಈಚಿನದು. ಕೊರ್ವಿನಾದಂಥ ಮೃದು ದ್ರಾಕ್ಷಿಯ ಮೇಲೆ ಹೊಸ ಬ್ಯಾರಿಕ್ ಸವಾರಿ ಮಾಡುತ್ತದೆ. ವೆನಿಲ್ಲಾ, ಸುಟ್ಟ ಮರ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕನಿಷ್ಠ ಮಾಗುವ ಅವಧಿ ಕೊಯ್ಲಿನ ಮುಂದಿನ ಜನವರಿ 1ರಿಂದ 2 ವರ್ಷ, 'ರಿಸೆರ್ವಾ' ಅಂತ ಬರೆಯಬೇಕಿದ್ದರೆ ಕೊಯ್ಲಿನ ವರ್ಷದ ನವೆಂಬರ್ 1ರಿಂದ 4 ವರ್ಷ.

ತಿಳಿರಸ

ರಿಪಾಸ್ಸೊ ಅಂತ ಇನ್ನೊಂದು ಬರತ್ತಲ್ಲ, ಅಮರೋನೆಗಿಂತ ಅಗ್ಗ. ಅದು ಎರಡನೇ ಹಿಂಡಿಕೆಯಾ?

ಪೀಪಾಯಿ

ಅಲ್ಲ. ಶರತ್ಕಾಲದಲ್ಲಿ ತಾಜಾ ದ್ರಾಕ್ಷಿಯಿಂದ ಮಾಡಿದ ಸಾದಾ ವಾಲ್ಪೊಲಿಚೆಲ್ಲಾ ವೈನನ್ನು ತೆಗೆದಿಟ್ಟಿರುತ್ತಾರೆ. ಫೆಬ್ರುವರಿ ಸುಮಾರಿಗೆ ಅಮರೋನೆ ಬಸಿದ ಮೇಲೆ ಉಳಿಯುವ ಸಿಪ್ಪೆಯ ಮೇಲೆ ಅದನ್ನು ಸುರಿಯುತ್ತಾರೆ. ಸಿಪ್ಪೆಯಲ್ಲಿ ಸಕ್ಕರೆ, ಜೀವಂತ ಯೀಸ್ಟ್, ಅಮರೋನೆಯ ತೇವ ಇರುತ್ತದೆ. ಹುದುಗು ಮತ್ತೆ ಎದ್ದು ಒಂದು ಎರಡು ವಾರ ನಡೆಯುತ್ತದೆ, ಆಲ್ಕೋಹಾಲ್ ಶೇ 1–1.5 ಏರುತ್ತದೆ, ಮೈ ತುಂಬುತ್ತದೆ. ಮಾಸಿ ಸಂಸ್ಥೆಯ 1964ರ ಕಂಪೊಫಿಯೊರಿನ್ ಈ ಹಳೇ ಹಳ್ಳಿ ಪದ್ಧತಿಗೆ ಹೊಸ ಮಾರುಕಟ್ಟೆ ತಂದ ಬಾಟಲಿ.

ಇಲ್ಲಿ ಕೆಡುವುದು ಮೂರು ಕಡೆ. ಒಂದು, ಸಿಪ್ಪೆಯನ್ನು ಗಟ್ಟಿಯಾಗಿ ಹಿಂಡಿಬಿಟ್ಟರೆ ಉಳಿಯುವುದು ಒಗರು ಮಾತ್ರ. ಎರಡು, ತೆಗೆದಿಟ್ಟ ವೈನಿಗೆ ಕೆಡದಿರಲೆಂದು ಹಾಕುವ ಗಂಧಕ ಹೆಚ್ಚಾಗಿದ್ದರೆ ಸಿಪ್ಪೆಯ ಯೀಸ್ಟ್ ಅಲ್ಲೇ ಸಾಯುತ್ತದೆ. ಮೂರು, ಸಿಪ್ಪೆ ಎರಡು ದಿನ ಗಾಳಿಗೆ ಬಿದ್ದಿದ್ದರೆ ವಿನಿಗರ್ ಆಗಿರುತ್ತದೆ, ಇಡೀ ಟ್ಯಾಂಕಿಗೆ ಅಂಟುತ್ತದೆ. ಅಮರೋನೆ ಬಸಿದ ದಿನವೇ ವೈನ್ ಮೇಲೆ ಬರಬೇಕು. ಪ್ರಮಾಣಕ್ಕೂ ಮಿತಿ ಇದೆ: ಆ ಸಿಪ್ಪೆ ಕೊಟ್ಟ ಅಮರೋನೆಯ ಎರಡರಷ್ಟಕ್ಕಿಂತ ಹೆಚ್ಚು ರಿಪಾಸ್ಸೊ ಮಾಡುವಂತಿಲ್ಲ.

ಕಹಿಸಿಹಿ

ರಿಪಾಸ್ಸೊ ವ್ಯಾಮೋಹದಿಂದ ಒಳ್ಳೆಯ ಸಾದಾ ವಾಲ್ಪೊಲಿಚೆಲ್ಲಾ ಮೂಲೆಗುಂಪಾಗಿದೆ ಅನ್ನುವುದನ್ನೂ ಹೇಳಿ. ತಿಳಿಗೆಂಪು, ಹುಳಿಚೆರ್ರಿ ರುಚಿ, ಶೇ 12ರ ಆಸುಪಾಸು. ನಮ್ಮ ಖಾರದ ಊಟಕ್ಕೆ ಹೊಂದುವುದು ಅದೇ, 14 ಡಿಗ್ರಿಗೆ ತಂಪು ಮಾಡಿ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ ಮೆಣಸಿನಕಾಯಿ ಉರಿ ಹೆಚ್ಚುತ್ತದೆ, ಹಾಗಾಗಿ ಕೋಳಿ ಸಾರಿನ ಜೊತೆ ಅಮರೋನೆ ತೆರೆಯುವುದು ದುಡ್ಡು ದಂಡ. ಅದಕ್ಕೆ ಹಳತಾದ ಗಟ್ಟಿ ಚೀಸ್, ಅಲ್ಲಿಯದೇ ಆದ ಮೊಂತೆ ವೆರೊನೇಸೆಯಂಥದ್ದು, 16–18 ಡಿಗ್ರಿ. ವೆರೋನಾದಲ್ಲಿ ಅಮರೋನೆ ಹಾಕಿ ಮಾಡುವ ಅನ್ನ, ರಿಸೊತ್ತೊ, ಪ್ರಸಿದ್ಧ.

ಕೊಳ್ಳುವಾಗ: ಬಾಟಲಿಯ ಮೇಲೆ 'ಅಪ್ಪಸ್ಸಿಮೆಂತೊ' (ದ್ರಾಕ್ಷಿ ಒಣಗಿಸುವ ಪದ್ಧತಿ) ಅಂತಿದ್ದ ಮಾತ್ರಕ್ಕೆ ಅಮರೋನೆಯಲ್ಲ. ವೆನೆತೊ ಪ್ರಾಂತ್ಯದ ಯಾವುದೋ ಬಯಲಿನ ದ್ರಾಕ್ಷಿಯನ್ನು ಒಂದಷ್ಟು ದಿನ ಬಾಡಿಸಿದ ವೈನೂ ಆಗಿರಬಹುದು. ಅಮರೋನೆಯ ಬಾಟಲಿಗೆ ಕತ್ತಿನ ಹತ್ತಿರ ಕ್ರಮಸಂಖ್ಯೆ ಇರುವ ಡಿಒಸಿಜಿ ಪಟ್ಟಿ ಇರುತ್ತದೆ.

ತಿಳಿರಸ

ಮತ್ತೆ ಬೆಲೆ ಯಾಕೆ ಅಷ್ಟು?

ಅದಿಜೆ_ತೀರ

100 ಕಿಲೋ ಹಸಿ ದ್ರಾಕ್ಷಿಯಿಂದ ಸಾದಾ ಕೆಂಪು ವೈನ್ 70 ಲೀಟರ್, ಅಂದರೆ 93 ಬಾಟಲಿ. ಅದೇ ದ್ರಾಕ್ಷಿಯಿಂದ ಅಮರೋನೆ ಹೆಚ್ಚೆಂದರೆ 40 ಲೀಟರ್, 53 ಬಾಟಲಿ. ಮೇಲೆ ಕೈಕೊಯ್ಲು, ನಾಲ್ಕು ತಿಂಗಳ ಅಟ್ಟ, ಎರಡು ಮೂರು ವರ್ಷದ ಪೀಪಾಯಿ. ಇಲ್ಲಿಗೆ ಬರುವಾಗ ಆಮದು ಸುಂಕ, ಅಬಕಾರಿ ಬೇರೆ.

ಡೋಣಿ_ದಂಡೆ

ಎಲ್ಲಾರಿಗೂ ನಮಸ್ಕಾರ ರೀ, ಛಲೋ ತಿಳಿಸಿ ಹೇಳಿದ್ರಿ. ಕಡೀ ಪ್ರಶ್ನೆ. ನಮ್ಮ ಭಾಗದಾಗ ವೈನ್ ದ್ರಾಕ್ಷಿ ಬೆಳೆಯೋರು ಅದಾರ, ಶಿರಾಜ್, ಕ್ಯಾಬರ್ನೆ. ವೈನರಿ ಲೈಸನ್ಸ್ ಇದ್ದವರು ಈ ಪದ್ಧತಿ ಪ್ರಯತ್ನ ಮಾಡಬೇಕಂದ್ರ ಹೆಂಗ ಶುರು ಮಾಡಬೇಕ್ರಿ? ಬೆಂಗಳೂರು ನೀಲಿ ಆದ್ರೂ ನಡೀತೈತೇನು?

ಚಪ್ಪರದಡಿ

ಬೆಂಗಳೂರು ನೀಲಿ ಬೇಡ. ಒತ್ತಿದರೆ ಸಿಪ್ಪೆ ಜಾರಿ ತಿರುಳು ಬೇರೆಯಾಗುವ ಜಾತಿ, ಹುಳಿ ಹೆಚ್ಚು, ಅದರ ವಿಶಿಷ್ಟ ವಾಸನೆ ಒಣಗಿದಷ್ಟೂ ತೀಕ್ಷ್ಣವಾಗುತ್ತದೆ. ಶಿರಾಜ್ ನೋಡಬಹುದು, ಬಿಡಿ ಗೊನೆ ಆರಿಸಿಕೊಂಡು.

ಅದಿಜೆ_ತೀರ

ದೊಡ್ಡ ಅಡ್ಡಿ ಕಾಲಮಾನದ್ದು. ಅಲ್ಲಿ ಕೊಯ್ಲಾದ ಮೇಲೆ ಚಳಿ ಬರುತ್ತದೆ, ನಿಮ್ಮಲ್ಲಿ ಫೆಬ್ರುವರಿ–ಮಾರ್ಚ್ ಕೊಯ್ಲಾದ ಮೇಲೆ ಬೇಸಿಗೆ. ಹಾಗಾಗಿ ಶೆಡ್ಡಿನಲ್ಲಿ ಆಗದು. ಗೋಡೆಗೆ ಶಾಖ ತಡೆಯುವ ಹೊದಿಕೆ ಇರುವ ಒಂದು ಕೋಣೆ, 14–16 ಡಿಗ್ರಿ, ತೇವಾಂಶ ಶೇ 60–65, ಗೊನೆಗೆ ನೇರ ರಾಚದ ಹಾಗೆ ಮೆಲ್ಲನೆ ಗಾಳಿ. ಡಿಪಿಂಗ್ ಆಯಿಲ್ ಕೋಣೆಯ ಹತ್ತಿರಕ್ಕೂ ಬೇಡ. ಆ ಕ್ರೇಟುಗಳನ್ನೂ ಬಳಸಬೇಡಿ.

ತೂಕ ಇಳಿಸುವ ಗುರಿ ಶೇ 35 ಇಟ್ಟುಕೊಳ್ಳಬೇಡಿ. ಉಷ್ಣವಲಯದ ದ್ರಾಕ್ಷಿ ತೋಟದಲ್ಲೇ 22 ಬ್ರಿಕ್ಸ್ ಇರುತ್ತದೆ. ಶೇ 15 ಇಳಿದರೆ ಹತ್ತಿರ ಹತ್ತಿರ 26 ಆಗುತ್ತದೆ, ಅಷ್ಟಕ್ಕೇ ನಿಲ್ಲಿಸಿ ಹುದುಗಿಸಿ. ಜೊತೆಗೆ ಹುಳಿ ಅಳೆಯಿರಿ. ಪಿಎಚ್ 3.8 ದಾಟಿದ್ದರೆ ಟಾರ್ಟಾರಿಕ್ ಆಮ್ಲ ಸೇರಿಸದೆ ಮುಂದೆ ಹೋಗಬೇಡಿ, ಬ್ಯಾಕ್ಟೀರಿಯಾ ಮೊದಲು ಹತ್ತುತ್ತದೆ.

ಡೋಣಿ_ದಂಡೆ

ತೂಕ ದಿನಾ ಎಲ್ಲಾ ಕ್ರೇಟೂ ನೋಡಬೇಕೇನ್ರಿ?

ಅದಿಜೆ_ತೀರ

ಬೇಡ. ಬಾಗಿಲ ಹತ್ತಿರ, ನಡುವೆ, ಫ್ಯಾನಿನ ಎದುರು, ಮೂಲೆಯಲ್ಲಿ, ಹೀಗೆ ಹತ್ತು ಕ್ರೇಟಿಗೆ ಗುರುತು ಹಾಕಿ, ಎರಡು ದಿನಕ್ಕೊಮ್ಮೆ ಅವನ್ನೇ ತೂಗಿ. ಖಾಲಿ ಕ್ರೇಟಿನ ತೂಕ ಮೊದಲೇ ಬರೆದಿಟ್ಟು ಕಳೆಯಬೇಕು. 6 ಕಿಲೋ ದ್ರಾಕ್ಷಿ 5.1ಕ್ಕೆ ಬಂದರೆ ಶೇ 15. ಕೊಳೆತ ಕಾಯಿ ಆರಿಸಿ ತೆಗೆದ ದಿನ ಅದರ ತೂಕ ಬೇರೆ ಬರೆದುಕೊಳ್ಳಿ, ಇಲ್ಲದಿದ್ದರೆ ಕಿತ್ತೆಸೆದದ್ದೂ ಒಣಗಿದ ಲೆಕ್ಕಕ್ಕೆ ಸೇರುತ್ತದೆ.